ಎರಡು ಮಿಲಿಮೀಟರಿನ ಜಂಬ

ನನ್ನ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದ ದಿನ ಇರಬಹುದು, ವರ್ನಿಯರ್ ಇಲ್ಲದ ದಿನ ಇಲ್ಲ. ವರ್ನಿಯರ್ ಅಂದರೆ ಕೂದಲೆಳೆಯ ದಪ್ಪವನ್ನೂ ಅಳೆದು ಹೇಳುವ ಉಕ್ಕಿನ ಅಳತೆಗೋಲು. ಶಿವಮೊಗ್ಗ, ಭದ್ರಾವತಿ ನಡುವಿನ ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ತಪಾಸಣೆಯ ಮೇಜು ನನ್ನದು. ಲೇತಿನಿಂದ ಇಳಿದ ಪಿನ್ನು, ಬುಷ್ಷು, ಶಾಫ್ಟು ಯಾವುದೇ ಇರಲಿ, ನನ್ನ ಕೈ ದಾಟಿಯೇ ಗೇಟಿನಿಂದಾಚೆ ಹೋಗಬೇಕು. ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ರಿಜೆಕ್ಟ್ ಅಕ್ಕ’ ಅನ್ನುತ್ತಾರೆಂದು ನನಗೆ ಗೊತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ಆದರೆ ಒಳಗೊಳಗೇ ಸ್ವಲ್ಪ ಖುಷಿಯೂ ಆಗುತ್ತದೆ.

ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲೂ ಇದೇ ಕಥೆ. ಸಿಟಿ ಬಸ್ಸು ಓಡಿಸುವ ನನ್ನ ಗಂಡ ನೆಂಟರ ಮುಂದೆ ಹೇಳುವುದೇ ಇದನ್ನು: “ದೋಸೆ ಸ್ವಲ್ಪ ದಪ್ಪ ಆಯ್ತು ಅಂತ ಬಾಯಿ ತಪ್ಪಿ ಅಂದ್ರೆ, ಎಷ್ಟು ಪಾಯಿಂಟ್ ದಪ್ಪ ಅಂತ ಕೇಳ್ತಾಳೆ, ಮಾರಾಯ!” ಕೊಬ್ಬರಿ ಮಿಠಾಯಿ ಕತ್ತರಿಸುವಾಗ ನಾನು ಒಮ್ಮೆ ವರ್ನಿಯರ್ ಇಟ್ಟದ್ದು ನಿಜ. ಒಮ್ಮೆ ಮಾತ್ರ.

ಹೀಗಿರುವಾಗ ಒಂದು ಸೋಮವಾರ ನಮ್ಮ ಓನರ್ರು ನನ್ನ ಮೇಜಿನ ಬಳಿ ಬಂದು ನಿಂತರು. ಸುಮ್ಮನೆ ಬರುವ ಮನುಷ್ಯರಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ನೋಡಿ ಮೇಡಂ, ಗಿರಾಕಿಗಳು ಇನ್ಮೇಲೆ ಕೈಬರಹದ ರಿಪೋರ್ಟ್ ತಗೊಳ್ಳಲ್ಲ ಅಂತಿದ್ದಾರೆ. ಎಲ್ಲಾ ಕಂಪ್ಯೂಟರಲ್ಲೇ ಆಗ್ಬೇಕಂತೆ. ಡಿಪ್ಲೊಮಾ ಆದವರು ಒಬ್ಬರನ್ನ ಇಲ್ಲಿಗೆ ಹಾಕ್ಕೊಳ್ಳೋಣ ಅಂತ. ನೀವು ಪ್ಯಾಕಿಂಗ್ ನೋಡ್ಕೊಳ್ಳಿ. ಆರಾಮದ ಕೆಲಸ. ಡಬ್ಬಕ್ಕೆ ಹಾಕೋದು, ಟೇಪ್ ಹಚ್ಚೋದು, ಅಷ್ಟೆ.”

ನನ್ನ ಕಿವಿ ಬಿಸಿಯಾಯಿತು. ಹದಿನೆಂಟು ವರ್ಷ ಬೇರೆಯವರ ಕೆಲಸ ಸರಿಯೋ ತಪ್ಪೋ ಎಂದು ಹೇಳಿದವಳು ಇನ್ನು ಮೇಲೆ ಟೇಪ್ ಹಚ್ಚಬೇಕು! ಸಂಬಳ ಅದೇ ಇರುತ್ತದೆ ಎಂದು ಅವರು ಹೇಳಿದ್ದು ಕೇಳಿಸಿತು, ಆದರೆ ನನಗೆ ಬೇಕಾದದ್ದು ಆ ಮೇಜು. ನನ್ನ ಬಾಯಿಂದ ಬಂದ ಮಾತು ಇದು: “ಒಂದು ವಾರ ಟೈಮ್ ಕೊಡಿ ಸಾರ್. ಬರೋ ಸೋಮವಾರ ಕಂಪ್ಯೂಟರ್ ರಿಪೋರ್ಟ್ ನಾನೇ ಮಾಡಿ ತಂದು ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಟೇಪ್ ಕೊಡಿ.”

ಅವರು “ಸರಿ” ಅಂದರು. ನಂಬಿ ಅಂದದ್ದಲ್ಲ, ನನ್ನ ಮುಖ ನೋಡಿ ಅಂದದ್ದು.

ಮನೆಯಲ್ಲಿ ಲ್ಯಾಪ್‌ಟಾಪ್ ಒಂದಿತ್ತು. ಅಕ್ಕನ ಮಗಳು ಹೊಸದು ಕೊಂಡಾಗ ಹತ್ತು ವರ್ಷದ ಹಳೆಯದನ್ನು ನನಗೆ ಕೊಟ್ಟಿದ್ದಳು. ನಾನು ಅದರಲ್ಲಿ ಅಡುಗೆ ವೀಡಿಯೊ ನೋಡುತ್ತಿದ್ದೆ. ಅವಳು ಫೋನಿನಲ್ಲೇ ಹೇಳಿಕೊಟ್ಟು ಒಂದು ಸಾಫ್ಟ್‌ವೇರ್ ಹಾಕಿಸಿದಳು. ಅದರ ಚಂದವನ್ನು ಏನೆಂದು ಹೇಳಲಿ! ಬಿಡಿಭಾಗದ ಡ್ರಾಯಿಂಗ್ ತೆರೆದರೆ ಪ್ರತಿ ಅಳತೆಯ ಪಕ್ಕದಲ್ಲೂ ಸಣ್ಣ ಸುತ್ತಿನೊಳಗೆ ಒಂದೊಂದು ಸಂಖ್ಯೆ ಗುಂಡಗೆ ಕೂರುತ್ತದೆ. ಆ ಸಂಖ್ಯೆ ಒತ್ತಿ ನಾವು ಅಳೆದದ್ದನ್ನು ಬರೆದರೆ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ನಾನು ಹದಿನೆಂಟು ವರ್ಷ ಕೆಂಪು ಪೆನ್ನಿನಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಮೊದಲ ಸಲ ಒಂದು ಗುಂಡಗಿನ ಸಂಖ್ಯೆ ಕೆಂಪಾದಾಗ ನಾನು ಅಡುಗೆಮನೆಯಲ್ಲಿದ್ದ ಗಂಡನನ್ನು ಕೂಗಿ ಕರೆದು ತೋರಿಸಿದೆ.

“ಇದೂ ರಿಜೆಕ್ಟ್ ಮಾಡ್ತದಾ? ನಿನ್ನಂಥದ್ದೇ ಇನ್ನೊಂದು ಆಯ್ತಲ್ಲ ಮನೇಲಿ,” ಅಂದರು ಅವರು.

ಆದರೆ ಲ್ಯಾಪ್‌ಟಾಪ್ ಮಹಾ ಸೋಮಾರಿ. ಡ್ರಾಯಿಂಗ್ ತೆರೆಯಲು ಕೊಟ್ಟು ಕುಕ್ಕರ್ ಇಟ್ಟರೆ, ಮೂರು ಸೀಟಿಯಾಗಿ ಕುಕ್ಕರ್ ತಣ್ಣಗಾದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಎರಡನೆಯ ಹಾಳೆಗೆ ಹೋದರೆ ಅಲ್ಲೇ ಮರಗಟ್ಟಿ ನಿಲ್ಲುತ್ತಿತ್ತು. ಅಕ್ಕನ ಮಗಳಿಗೆ ಫೋನ್ ಮಾಡಿ ಬೈದೆ. ಅವಳು ನಕ್ಕಳು.

“ಅದ್ರಲ್ಲಿ ರ್‍ಯಾಮ್ ನಾಲ್ಕೇ ಜಿಬಿ ಇರೋದು ಚಿಕ್ಕಮ್ಮ. ಎಂಟು ಜಿಬಿದು ಇನ್ನೊಂದು ಹಾಕ್ಸಿ, ಓಡ್ತದೆ. ಆದ್ರೆ ಅದಕ್ಕೆ ಹೊಂದೋದೇ ಆಗ್ಬೇಕು. ಗೊತ್ತಿರೋರಿಗೆ ತೋರ್ಸಿ.”

ರ್‍ಯಾಮ್ ಅಂದರೆ ಏನೆಂದು ಅವಳು ವಿವರಿಸಿದ್ದು ನನಗೆ ಥಟ್ಟನೆ ಅರ್ಥವಾಯಿತು. ಅದು ಕಂಪ್ಯೂಟರಿನ ಕೆಲಸದ ಮೇಜು. ಕಪಾಟು ಎಷ್ಟೇ ದೊಡ್ಡದಿರಲಿ, ಮೇಜು ಗೇಣಗಲ ಇದ್ದರೆ ಒಂದನ್ನು ಎತ್ತಿಟ್ಟೇ ಇನ್ನೊಂದನ್ನು ಹರಡಬೇಕು. ನನ್ನ ಮೇಜು ಉಳಿಯಬೇಕಾದರೆ ಮೊದಲು ಇದರ ಮೇಜು ದೊಡ್ಡದಾಗಬೇಕು ಅಂತಾಯಿತು.

‘ಗೊತ್ತಿರೋರು’ ಯಾರೆಂಬುದು ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಭದ್ರಾವತಿಯಲ್ಲಿ ನಮ್ಮಲ್ಲಿ ಲೇತ್ ಓಡಿಸುತ್ತಿದ್ದ ಹಳೆಯ ಟರ್ನರ್ ಮೇಸ್ತ್ರಿಯ ಸೊಸೆ ಮನೆಯಲ್ಲೇ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾಳೆ. ಓನರ್ರ ಮನೆಯ ಕಂಪ್ಯೂಟರೂ ಅವಳ ಬಳಿಗೇ ಹೋಗುವುದು. ಆದರೆ ನಾನು ಆ ಮನೆಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅದಕ್ಕೆ ಕಾರಣ ಇನ್ನೂರು ಪಿನ್ನುಗಳು.

ಎರಡು ವರ್ಷದ ಹಿಂದಿನ ಮಾತು. ಅಡಿಕೆ ಸುಲಿಯುವ ಯಂತ್ರಕ್ಕೆ ಬೇಕಾದ ಪಿನ್ನುಗಳನ್ನು ಮೇಸ್ತ್ರಿ ಲೇತಿನಲ್ಲಿ ಮಾಡಿಟ್ಟಿದ್ದರು. ಅಳತೆ ನೋಡಿದರೆ ಇನ್ನೂರೂ ಒಂದೇ ಅಚ್ಚು. ಆದರೆ ನನಗೆ ಏನೋ ಅನುಮಾನ ಬಂದು ಸ್ಟೋರಿಗೆ ಹೋಗಿ ಉಳಿದ ಸರಳನ್ನು ನೋಡಿದೆ. ಉಕ್ಕಿನ ಸರಳಿನ ತುದಿಗೆ ಜಾತಿಗೊಂದು ಬಣ್ಣ ಬಳಿದಿರುತ್ತಾರೆ. ಈ ಪಿನ್ನಿಗೆ ಹಳದಿ ಇರಬೇಕಿತ್ತು, ಅಲ್ಲಿ ನೀಲಿ ಇತ್ತು. ಮೆತ್ತನೆಯ ಉಕ್ಕು. ಒಂದು ಸುಗ್ಗಿ ಮುಗಿಯುವುದರೊಳಗೆ ಸವೆದು ಹೋಗುವಂಥದ್ದು. ನಾನು ಇಡೀ ರಾಶಿಗೆ ಕೆಂಪು ಚೀಟಿ ಹಚ್ಚಿದೆ.

ಮೇಸ್ತ್ರಿ ಬಂದು ಮೆಲ್ಲಗೆ ಕೇಳಿದರು: “ಅಳತೆ ಸರಿ ಇದೆಯಲ್ಲಮ್ಮ?”

“ಅಳತೆ ಸರಿ ಇದ್ರೆ ಸಾಕಾ ಮೇಸ್ತ್ರಿ? ಮಟೀರಿಯಲ್ ನೋಡೋ ಕಣ್ಣು ಬೇಡ್ವಾ?” ಎಂದು ಎಲ್ಲರ ಎದುರಿಗೇ ಅಂದುಬಿಟ್ಟೆ. ಅವರು ಎಣ್ಣೆ ಒರೆಸುವ ಹತ್ತಿನೂಲಿನ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೋದರು. ರಿಪೋರ್ಟಿನಲ್ಲಿ ‘ತಪ್ಪಿಗೆ ಕಾರಣ’ ಎಂಬ ಜಾಗದಲ್ಲಿ ‘ಟರ್ನರ್’ ಎಂದು ಬರೆದು ಸಹಿ ಹಾಕಿದೆ. ಆ ವರ್ಷವೇ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಮೈಸೂರುಪಾಕು ತಿಂದೆ, ಅವರ ಹತ್ತಿರ ಹೋಗಿ ಒಂದು ಮಾತೂ ಆಡಲಿಲ್ಲ. ಅಂಥವರ ಮನೆಗೆ ಈಗ ಯಾವ ಮುಖ ಹೊತ್ತು ಹೋಗುವುದು? ಬೇಡ. ಅಳತೆಯ ಕೆಲಸ ತಾನೇ, ಅದು ನನಗೇ ಬರುತ್ತದೆ ಅಂದುಕೊಂಡೆ.

ಬುಧವಾರ ಸಂಜೆ ಊಟದ ಮೇಜಿನ ಮೇಲೆ ಹಳೆಯ ಸೀರೆ ಹಾಸಿ ಲ್ಯಾಪ್‌ಟಾಪನ್ನು ಮಗುಚಿದೆ. ಒಂದು ರಟ್ಟಿನ ಮೇಲೆ ಅದರ ಅಡಿಭಾಗದ ಚಿತ್ರ ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲಿ ಚುಚ್ಚಿ ನಿಲ್ಲಿಸಿದೆ. ಮುಚ್ಚಳ ಕಟ್ ಕಟ್ ಎಂದು ಬಿಟ್ಟುಕೊಂಡಿತು. ಒಳಗೆ ಏನು ಅಚ್ಚುಕಟ್ಟು! ಎಷ್ಟು ಸಣ್ಣ ಸಣ್ಣ ಬೆಸುಗೆ, ಎಲ್ಲೂ ಕೈಗೆ ಚುಚ್ಚುವ ಒಂದು ಚೂರು ಮುಳ್ಳಂಚು ಇಲ್ಲ, ಗೀರು ಇಲ್ಲ. ಇದನ್ನು ತಪಾಸಣೆ ಮಾಡಿದವರು ಯಾರೋ, ಅವರ ಕೈಗೆ ನಮಸ್ಕಾರ ಅಂದುಕೊಂಡೆ.

ರ್‍ಯಾಮ್ ಅಂದರೆ ಬೆರಳುದ್ದದ ಹಸಿರು ಪಟ್ಟಿ. ಎರಡು ಜಾಗ ಇದ್ದವು, ಒಂದರಲ್ಲಿ ಪಟ್ಟಿ ಇತ್ತು, ಇನ್ನೊಂದು ಖಾಲಿ. ಎರಡೂ ಬದಿಯ ಕೊಕ್ಕೆಗಳನ್ನು ಉಗುರಿನಿಂದ ಸರಿಸಿದ್ದೇ ಪಟ್ಟಿ ತಾನಾಗಿ ತಲೆ ಎತ್ತಿ ನಿಂತಿತು. ವರ್ನಿಯರ್ ತೆಗೆದೆ. ಉದ್ದ ಅರವತ್ತೇಳು ಪಾಯಿಂಟ್ ಆರು ಮಿಲಿಮೀಟರ್. ಚಿನ್ನದ ಬಣ್ಣದ ಹಲ್ಲುಗಳ ನಡುವೆ ಒಂದು ಸಣ್ಣ ಕಚ್ಚು ಇತ್ತು, ಅದು ಅಂಚಿನಿಂದ ಎಷ್ಟು ದೂರ ಎಂದೂ ಅಳೆದು ಬರೆದುಕೊಂಡೆ. ದಪ್ಪವನ್ನೂ ಬಿಡಲಿಲ್ಲ.

ನಮ್ಮ ಕಡೆ ಯಾವ ಸಾಮಾನು ಕೆಟ್ಟರೂ ರೀತಿ ಒಂದೇ. ನಲ್ಲಿಯ ವಾಷರ್ ಹೋಯಿತೋ, ಮಿಕ್ಸಿಯ ಕಪ್ಲರ್ ಹೋಯಿತೋ, ಹಳೆಯದನ್ನು ಕಾಗದದಲ್ಲಿ ಸುತ್ತಿ ಅಂಗಡಿಗೆ ಒಯ್ದು ‘ಇಂಥದ್ದೇ ಕೊಡಿ’ ಅನ್ನುವುದು. ಹೆಸರು ಗೊತ್ತಿರಬೇಕಾಗಿಲ್ಲ, ನಂಬರೂ ಬೇಡ, ಸ್ಯಾಂಪಲ್ ಇದ್ದರೆ ಮುಗಿಯಿತು. ನಾನೂ ಪಟ್ಟಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಗುರುವಾರ ಕೆಲಸ ಬಿಟ್ಟವಳೇ ಶಿವಮೊಗ್ಗದ ಪೇಟೆಯಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಒಂದು ಅಂಗಡಿಗೆ ನುಗ್ಗಿದೆ.

ಅಂಗಡಿಯ ಸಾಹೇಬರು ನನ್ನ ವಯಸ್ಸಿನವರೇ. ಪಟ್ಟಿಯನ್ನು ನೋಡಿ, “ಲ್ಯಾಪ್‌ಟಾಪ್ ಮಾಡೆಲ್ ಯಾವುದು ಅಕ್ಕಾ?” ಅಂದರು.

“ಮಾಡೆಲ್ ಯಾಕೆ? ಸ್ಯಾಂಪಲ್ ಇದೆಯಲ್ಲ.”

ಅವರು ಸುಮ್ಮನೆ ಡ್ರಾಯರಿನಿಂದ ಒಂದು ಪಟ್ಟಿ ತೆಗೆದಿಟ್ಟು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ನಾನು ವರ್ನಿಯರ್ ಬಿಚ್ಚಿ ಅಳೆದೇಬಿಟ್ಟೆ. ಅರವತ್ತೊಂಬತ್ತು ಪಾಯಿಂಟ್ ಆರು! “ಎರಡು ಮಿಲಿಮೀಟರ್ ಜಾಸ್ತಿ. ಕಚ್ಚೂ ಬೇರೆ ಕಡೆ ಇದೆ. ಇದು ಕೂರಲ್ಲ,” ಅಂದೆ.

ಪಕ್ಕದಲ್ಲಿ ಮೊಬೈಲ್ ರಿಪೇರಿಗೆ ಬಂದಿದ್ದ ಇಬ್ಬರು ತಿರುಗಿ ನೋಡಿದರು. ಸಾಹೇಬರು ಹುಬ್ಬು ಏರಿಸಿ, “ವ್ಹಾ! ಅದು ಹೊಸ ತಳೀದು, ಸುಮ್ನೆ ಹೊರಗಿಟ್ಟಿದ್ದೆ. ಇಷ್ಟು ವರ್ಷದಲ್ಲಿ ಅಳತೆ ಹಾಕಿ ಕಂಡುಹಿಡಿದೋರು ನೀವೇ ಫಸ್ಟು,” ಅಂದರು.

ಆ ಎರಡು ಮಿಲಿಮೀಟರ್ ನನ್ನ ತಲೆಗೆ ಏರಿದ್ದು ಆಗಲೇ. ನನಗೆ ನೆಲದ ಮೇಲೆ ಕಾಲಿರಲಿಲ್ಲ. ಅಕ್ಕನ ಮಗಳು ಹೇಳುವ ಹೊಂದಾಣಿಕೆ ಅಂದರೆ ಇಷ್ಟೇ ತಾನೇ! ಸಾಹೇಬರು ಮುಂದಿಟ್ಟ ಎಂಟು ಜಿಬಿಯ ಎರಡನೆಯ ಪಟ್ಟಿಯನ್ನು ಅಳೆದೆ. ಅರವತ್ತೇಳು ಪಾಯಿಂಟ್ ಆರು. ಕಚ್ಚು ಅಲ್ಲೇ. ದಪ್ಪ ಅಷ್ಟೇ. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಟ್ಯೂಬ್‌ಲೈಟಿಗೆ ಹಿಡಿದರೆ ನಡುವೆ ಬೆಳಕು ನುಸುಳಲಿಲ್ಲ.

“ಅಳತೆ ಸರಿ ಅಕ್ಕಾ, ಆದ್ರೂ ಒಂದ್ಸಲ ಲ್ಯಾಪ್‌ಟಾಪ್ ತಗೊಂಬನ್ನಿ. ನೋಡಿ ಕೊಡ್ತೀನಿ.”

“ವಾಷರ್ ತರೋಕೆ ಬಂದೋರು ಬೋರ್‌ವೆಲ್ ಹೊತ್ಕೊಂಡು ಬರ್ತಾರಾ ಸಾಹೇಬ್ರೆ?”

ಮೊಬೈಲಿನವರು ನಕ್ಕರು. ಸಾಹೇಬರೂ ನಕ್ಕು, “ನಿಮ್ಮ ಮರ್ಜಿ. ಕೂರ್ಲಿಲ್ಲ ಅಂದ್ರೆ ವಾಪಸ್ ತಗೊಳ್ತೀನಿ. ಕೂತೂ ನಡೀಲಿಲ್ಲ ಅಂದ್ರೆ ನನ್ ಮೇಲೆ ಗುಸ್ಸಾ ಮಾಡ್ಬೇಡಿ,” ಎಂದು ಪಟ್ಟಿಯನ್ನು ಬೆಳ್ಳಿಯ ಬಣ್ಣದ ಚೀಲಕ್ಕೆ ಹಾಕಿ ಕೊಟ್ಟರು. ಬಸ್ಸಿನಲ್ಲಿ ಆ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಂದೆ. ಇಳಿಯುವ ಜಾಗ ಬಂದದ್ದೇ ತಿಳಿಯಲಿಲ್ಲ, ಕಂಡಕ್ಟರ್ ಕೂಗಿ ಇಳಿಸಿದ.

ಮನೆಗೆ ಬಂದವಳು ಕಾಫಿಯನ್ನೂ ಕುಡಿಯದೆ ಹಳೆಯ ಪಟ್ಟಿಯನ್ನು ಅದರ ಜಾಗಕ್ಕೆ, ಹೊಸದನ್ನು ಖಾಲಿ ಜಾಗಕ್ಕೆ ಕೂರಿಸಿದೆ. ಕಟಕ್! ಇಂಥ ಕಟಕ್ ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ. ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಟನ್ ಒತ್ತಿದೆ.

ಪೀಂ, ಪೀಂ, ಪೀಂ. ಪರದೆ ಕಪ್ಪು.

ಮತ್ತೆ ಒತ್ತಿದೆ. ಮತ್ತೆ ಪೀಂ. ಪಟ್ಟಿ ತೆಗೆದು ಒರೆಸಿ ಕೂರಿಸಿದೆ, ಮತ್ತೆ ಕಪ್ಪು. ನನ್ನ ಕೈಯಾರೆ ಲ್ಯಾಪ್‌ಟಾಪನ್ನು ಕೊಂದೆ, ಸೋಮವಾರ ಟೇಪ್ ಹಚ್ಚುವುದು ಖಂಡಿತ ಎಂದುಕೊಂಡೆ. ಗಂಡ ತಾಳ್ಮೆಯಿಂದ, “ಹೊಸದನ್ನ ತೆಗೆದು ಒಂದ್ಸಲ ಆನ್ ಮಾಡು ಮಾರಾಯ್ತಿ,” ಅಂದರು. ತೆಗೆದು ಬಟನ್ ಒತ್ತಿದರೆ ಆ ಸೋಮಾರಿ ತನ್ನ ಹಳೆಯ ಗತ್ತಿನಲ್ಲೇ ನಿಧಾನವಾಗಿ ಎದ್ದಿತು. ಜೀವ ಬಂತು. ಜೀವದ ಹಿಂದೆಯೇ ಸಿಟ್ಟೂ ಬಂತು. ಆ ಸಾಹೇಬರು ಕೆಟ್ಟುಹೋದ ಮಾಲು ಕೊಟ್ಟಿದ್ದಾರೆ!

ಶುಕ್ರವಾರ ಸಂಜೆ ಎರಡೂ ಪಟ್ಟಿ ಹಿಡಿದು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಅವರು ನನ್ನ ಮಾತೆಲ್ಲ ಮುಗಿಯುವವರೆಗೆ ಕಾದರು. ಆಮೇಲೆ ಹೊಸ ಪಟ್ಟಿಯನ್ನು ತಮ್ಮ ಬಳಿಯ ಬೇರೊಂದು ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದರು. ಚೆನ್ನಾಗಿ ಓಡಿತು. ಕೊನೆಗೆ ನನ್ನ ಹಳೆಯ ಪಟ್ಟಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಭೂತಗನ್ನಡಿ ಕೊಟ್ಟು, “ಚೀಟಿ ಓದಿ ಅಕ್ಕಾ,” ಅಂದರು.

ಹಳೆಯದರ ಮೇಲೆ ಒಂದು ಪಾಯಿಂಟ್ ಮೂರು ಐದು ವೋಲ್ಟ್. ಹೊಸದರ ಮೇಲೆ ಒಂದು ಪಾಯಿಂಟ್ ಐದು ವೋಲ್ಟ್.

“ಎರಡೂ ಒಂದೇ ತಳಿ, ಒಂದೇ ಸೈಜು. ಕುಡಿಯೋ ಕರೆಂಟು ಬೇರೆ. ನಿಮ್ ಲ್ಯಾಪ್‌ಟಾಪ್ ಕಡಿಮೆ ವೋಲ್ಟಿಂದು ಮಾತ್ರ ತಗೊಳ್ಳೋದು ಅನ್ಸುತ್ತೆ. ಅದಕ್ಕೇ ಮಾಡೆಲ್ ಕೇಳಿದ್ದು.”

ಭೂತಗನ್ನಡಿ ನನ್ನ ಕೈಯಲ್ಲಿ ಹಾಗೇ ನಿಂತಿತು. ಹಳದಿ ತುದಿ, ನೀಲಿ ತುದಿ. ಅಳತೆ ಸರಿ, ಮಟೀರಿಯಲ್ ಬೇರೆ. ‘ನೋಡೋ ಕಣ್ಣು ಬೇಡ್ವಾ’ ಎಂದು ಹತ್ತು ಜನರ ಎದುರು ಕೇಳಿದ್ದ ಮಹಾತಾಯಿ ನಾನೇ. ಚೀಟಿ ಕಣ್ಣೆದುರಿಗೇ ಅಂಟಿಕೊಂಡಿತ್ತು, ಅಳೆಯುವ ಅವಸರದಲ್ಲಿ ಓದಿರಲಿಲ್ಲ. ನನಗೆ ನಾಚಿಕೆಯಾಯಿತು. ಸಾಹೇಬರಿಗೆ ತಪ್ಪಾಯಿತು ಎಂದು ಹೇಳಿದೆ. ಅವರು ಅದನ್ನು ಮನಸ್ಸಿಗೇ ಹಚ್ಚಿಕೊಳ್ಳದೆ, “ಕಡಿಮೆ ವೋಲ್ಟಿಂದು ಎಂಟು ಜಿಬಿ ನನ್ ಹತ್ರ ಖಾಲಿ. ಭದ್ರಾವತೀಲಿ ಒಬ್ರು ಮೇಡಂ ಇದ್ದಾರೆ, ಅವರ ಹತ್ರ ಗ್ಯಾರಂಟಿ ಸಿಗುತ್ತೆ,” ಎಂದು ವಿಳಾಸ ಹೇಳತೊಡಗಿದರು.

“ಗೊತ್ತು,” ಅಂದೆ. ಎಲ್ಲಿ ಸುತ್ತಿದರೂ ಅದೇ ಮೆಟ್ಟಿಲು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದೆ. ಈ ಸಲ ಇಡೀ ಬೋರ್‌ವೆಲ್ ಹೊತ್ತುಕೊಂಡೇ ಹೊರಟಿದ್ದೆ: ಲ್ಯಾಪ್‌ಟಾಪ್, ಚಾರ್ಜರ್, ಎರಡೂ ಪಟ್ಟಿ. ವರ್ನಿಯರನ್ನೂ ಬಿಡಲಾಗಲಿಲ್ಲ. ಬಸ್ಸು ಮಾಚೇನಹಳ್ಳಿ ದಾಟುವಾಗ ರಜೆಯ ದಿನದ ನಮ್ಮ ಗೇಟು ಮುಚ್ಚಿದ್ದು ಕಂಡಿತು. ನಾಳೆ ಆ ಗೇಟಿನೊಳಗೆ ನಾನು ಯಾವ ಕಡೆ ತಿರುಗುತ್ತೇನೋ ಎಂದು ಕತ್ತು ಹೊರಳಿಸಿ ನೋಡುತ್ತಾ ಕೂತೆ.

ಮೇಸ್ತ್ರಿ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಪೇಪರ್ ಮಡಚಿದರು.

“ಬಾಮ್ಮಾ, ಒಳಗೆ ಬಾ. ವರ್ನಿಯರ್ ತಂದಿದ್ದೀಯಾ?”

“ತಂದಿದ್ದೀನಿ ಮೇಸ್ತ್ರಿ.”

“ನೀನು ಬದಲಾಗಲ್ಲ ಬಿಡು,” ಎಂದು ನಕ್ಕರು. ಆ ನಗು ನೋಡಿ ನನಗೆ ಅರ್ಧ ಭಾರ ಇಳಿಯಿತು.

ಸೊಸೆಯ ಕೆಲಸದ ಮೇಜು ನಡುಮನೆಯ ಕಿಟಕಿಯ ಬಳಿ ಇತ್ತು. ಮೂವತ್ತರ ಹುಡುಗಿ, ಮಾತು ಕಡಿಮೆ. ಅವಳು ಪಟ್ಟಿಯ ಕಡೆ ನೋಡಲೇ ಇಲ್ಲ. ಮೊದಲು ಲ್ಯಾಪ್‌ಟಾಪಿನ ಅಡಿಯ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅದಕ್ಕೆ ಎಷ್ಟು ಜಾಗ ಇದೆ, ಒಟ್ಟು ಎಷ್ಟು ಜಿಬಿ ತಡೆಯುತ್ತದೆ, ಯಾವ ತಳಿ, ಎಷ್ಟು ವೋಲ್ಟ್, ಎಷ್ಟು ವೇಗ ಎಂದು ಫೋನಿನಲ್ಲಿ ಹುಡುಕಿ ಒಂದರ ಕೆಳಗೊಂದು ಬರೆದಳು.

“ಮೊದ್ಲು ಇದು ಏನು ಕೇಳ್ತದೆ ನೋಡ್ಬೇಕು ಅಕ್ಕ. ಆಮೇಲೆ ನಮ್ಮ ಹತ್ರ ಏನಿದೆ ಅಂತ ನೋಡೋದು,” ಅಂದಳು. ಅವಳು ಬರೆದುಕೊಂಡದ್ದರಲ್ಲಿ ಅಳತೆ ಎಲ್ಲೂ ಇರಲಿಲ್ಲ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಎರಡು ಮಿಲಿಮೀಟರ್, ಕಟಕ್, ಪೀಂ, ವೋಲ್ಟು, ಏನನ್ನೂ ಮುಚ್ಚಿಡಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಮೇಸ್ತ್ರಿ ಎಲ್ಲ ಕೇಳಿಸಿಕೊಂಡು, ಮೆಲ್ಲಗೆ, ಅವತ್ತಿನದೇ ದನಿಯಲ್ಲಿ ಅಂದರು: “ಅಳತೆ ಸರಿ ಇತ್ತಲ್ಲಮ್ಮ?”

ನಾನು ತಲೆ ತಗ್ಗಿಸಿದೆ. “ಅವತ್ತು ನಾನು ಹಾಗೆ ಎಲ್ಲರೆದುರು ಅನ್ನಬಾರದಿತ್ತು ಮೇಸ್ತ್ರಿ. ಆದ್ರೆ ಬಣ್ಣ ನೀಲಿ ಇತ್ತು.”

“ನೀಲಿ ಇತ್ತು, ಸರಿ. ನೀನು ರಿಜೆಕ್ಟ್ ಮಾಡಿದ್ದೂ ಸರಿ. ಆದ್ರೆ ಬಣ್ಣದ ತುದಿ ಸ್ಟೋರಲ್ಲೇ ಉಳೀತು. ನಂಗೆ ಬಂದಿದ್ದು ಕತ್ತರಿಸಿದ ತುಂಡು. ತುಂಡಿಗೆ ಬಣ್ಣ ಎಲ್ಲಿರ್ತದೆ?”

ಸ್ಟೋರಿನಲ್ಲಿ ನಿಂತು ಆ ಸರಳನ್ನು ನಾನೇ ಕಣ್ಣಾರೆ ನೋಡಿದ್ದೆ. ಒಂದು ತುದಿಯಲ್ಲಿ ಬಣ್ಣ, ಇನ್ನೊಂದು ತುದಿಯಲ್ಲಿ ಗರಗಸದ ಹೊಸ ಗುರುತು. ಎರಡನ್ನೂ ನೋಡಿ ಒಂದನ್ನು ಮಾತ್ರ ಬರೆದುಕೊಂಡಿದ್ದೆ.

“ಅವತ್ತೇ ಯಾಕೆ ಹೇಳ್ಲಿಲ್ಲ ಮೇಸ್ತ್ರಿ?”

“ನೀನು ಕೇಳ್ಲಿಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಮೂವತ್ತು ವರ್ಷ ಲೇತ್ ಓಡಿಸ್ದೆ. ಇನ್ನೂರು ಪಿನ್ನಲ್ಲಿ ಒಂದರ ಅಳತೇನೂ ತಪ್ಪಿರ್ಲಿಲ್ಲ. ಆ ಕಾಗದದಲ್ಲಿ ಅದೊಂದು ಮಾತು ಇರ್ಬೇಕಿತ್ತು, ಅಷ್ಟೆ. ಬಿಡು, ಕಾಫಿ ಕುಡಿ.”

ಕಾಫಿ ಲೋಟವನ್ನು ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಸೊಸೆ ಪರದೆ ಒಡೆದ ಯಾವುದೋ ಲ್ಯಾಪ್‌ಟಾಪಿನಿಂದ ತೆಗೆದಿಟ್ಟಿದ್ದ ಒಂದು ಪಟ್ಟಿಯನ್ನು ತಂದು, ಚೀಟಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಎಂಟು ಜಿಬಿ. ಒಂದು ಪಾಯಿಂಟ್ ಮೂರು ಐದು. ನಾನು ಎರಡು ಸಲ ಓದಿದೆ. ಬ್ಯಾಟರಿಯ ತಂತಿ ಬಿಡಿಸಿ, “ಕಿಟಕಿ ಸರಳು ಮುಟ್ಟಿ, ಮೈಯಲ್ಲಿರೋ ಕರೆಂಟ್ ಹೋಗ್ಲಿ. ಈಗ ನೀವೇ ಹಾಕಿ ಅಕ್ಕ,” ಅಂದಳು.

ಹಳೆಯದನ್ನು ಅದರ ಜಾಗಕ್ಕೆ ಹಾಕಿ, ಹೊಸದನ್ನು ಪಕ್ಕದಲ್ಲಿ ಓರೆಯಾಗಿ ಇಟ್ಟೆ, ಒತ್ತಿದೆ, ಕಟಕ್. ಈ ಸಲ ಕಟಕ್ಕಿಗೆ ನಾನು ಮರುಳಾಗಲಿಲ್ಲ. ಬಟನ್ ಒತ್ತಿ ಕಿವಿಗೊಟ್ಟೆ.

ಪೀಂ ಇಲ್ಲ. ಪರದೆ ಬೆಳಗಿತು! ಹನ್ನೆರಡು ಜಿಬಿ ಎಂದು ಸೊಸೆ ಬೆರಳಿಟ್ಟು ತೋರಿಸಿದಳು. ನಾನು ಆ ಹಾಳು ಡ್ರಾಯಿಂಗನ್ನು ತೆರೆಯಲು ಕೊಟ್ಟೆ. ಕೊಟ್ಟು ಕಾಫಿ ಲೋಟಕ್ಕೆ ಕೈ ಚಾಚಿದ್ದೆ ಅಷ್ಟೆ, ಡ್ರಾಯಿಂಗ್ ಬಂದು ಕೂತಿತ್ತು. ಎರಡನೆಯ ಹಾಳೆ ಒತ್ತಿದೆ, ಬಂತು. ಮೂರನೆಯದು, ಬಂತು. ಗುಂಡಗಿನ ಸಂಖ್ಯೆಗಳು ಮಳೆಹನಿಯ ಹಾಗೆ ಪಟಪಟನೆ ಉದುರಿದವು. “ಓಡ್ತು ಮೇಸ್ತ್ರಿ! ಓಡ್ತು!” ಎಂದು ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಇಣುಕಿ ನೋಡಿದರು. ಮೇಸ್ತ್ರಿ ಕುರ್ಚಿ ಎಳೆದುಕೊಂಡು ಬಂದು ಪರದೆಯ ಮುಂದೆಯೇ ಕೂತರು. ಕೆಂಪು ಹೇಗೆ ಬರುತ್ತದೆ, ಹಸಿರು ಹೇಗೆ ಬರುತ್ತದೆ ಎಂದು ತೋರಿಸಿದೆ. ಅವರಿಗೂ ಹುರುಪು ಹತ್ತಿತು. “ಇದನ್ನ ಅಳೆ, ಅದನ್ನ ಅಳೆ” ಎಂದು ಮನೆಯ ಕೀಲಿಕೈ, ಬಾಟಲಿ ಮುಚ್ಚಳ ಎಲ್ಲ ತಂದು ಸುರಿದರು.

“ಸರಿ, ನಾಳೆ ಓನರ್‌ಗೆ ಯಾವುದರ ರಿಪೋರ್ಟ್ ತೋರಿಸ್ತೀಯ?” ಎಂದು ಕೇಳಿದರು.

ಬೆಳ್ಳಿ ಬಣ್ಣದ ಚೀಲ ಮೇಜಿನ ಮೇಲಿತ್ತು. ಆ ತಪ್ಪು ಪಟ್ಟಿ. “ಇದರದ್ದು,” ಅಂದೆ.

ಸೋಮವಾರ ಬೆಳಿಗ್ಗೆ ಓನರ್ರ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟೆ. ಮೊದಲು ಗಿರಾಕಿಯ ಶಾಫ್ಟಿನ ರಿಪೋರ್ಟ್ ತೋರಿಸಿದೆ. ಅವರು ತಲೆಯಾಡಿಸಿದರು. ಆಮೇಲೆ ಎರಡನೆಯದು. ನಾನೇ ಬಿಡಿಸಿದ ಪಟ್ಟಿಯ ಚಿತ್ರ, ಸುತ್ತ ಸಂಖ್ಯೆಗಳು. ಉದ್ದ ಹಸಿರು, ದಪ್ಪ ಹಸಿರು, ಕಚ್ಚು ಹಸಿರು. ಕೊನೆಯ ಸಾಲಿನಲ್ಲಿ ವೋಲ್ಟೇಜ್ ಕೆಂಪು. ಫಲಿತಾಂಶ: ರಿಜೆಕ್ಟ್. ತಪ್ಪಿಗೆ ಕಾರಣ: ತಪಾಸಣೆ ಮಾಡಿದವರು ಅಳತೆ ನೋಡಿದರು, ಚೀಟಿ ಓದಲಿಲ್ಲ. ಅದರ ಕೆಳಗೆ ತಪಾಸಣೆ ಮಾಡಿದವರ ಹೆಸರು, ನನ್ನದು.

ಓನರ್ರು ಕನ್ನಡಕ ಹಣೆಗೇರಿಸಿ ಗಹಗಹಿಸಿ ನಕ್ಕರು. “ಹದಿನೆಂಟು ವರ್ಷದಲ್ಲಿ ಈ ಜಾಗದಲ್ಲಿ ನಿಮ್ಮ ಹೆಸರು ನೋಡ್ತಿರೋದು ಇದೇ ಫಸ್ಟು ಮೇಡಂ!” ಆಮೇಲೆ ಪರದೆಯನ್ನು ಮತ್ತೊಮ್ಮೆ ಓದಿ, “ಸರಿ. ಪ್ಯಾಕಿಂಗ್‌ಗೆ ಬೇರೆ ಯಾರನ್ನಾದ್ರೂ ನೋಡ್ತೀನಿ,” ಅಂದರು.

ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಮೇಜು ಒರೆಸಿದೆ. ಎರಡೆರಡು ಸಲ ಒರೆಸಿದೆ. ಆಮೇಲೆ ಕಪಾಟಿನಿಂದ ಎರಡು ವರ್ಷದ ಹಿಂದಿನ ಫೈಲು ತೆಗೆದು, ಆ ಇನ್ನೂರು ಪಿನ್ನುಗಳ ರಿಪೋರ್ಟನ್ನು ಹೊಸದಾಗಿ ಟೈಪ್ ಮಾಡಿದೆ. ನಮೂನೆಯಲ್ಲಿ ಇಲ್ಲದ ಒಂದು ಸಾಲನ್ನು ಸೇರಿಸಿದೆ: ‘ಸಾಮಗ್ರಿ ಕೊಟ್ಟವರು ಯಾರು’. ಅದರ ಮುಂದೆ ‘ಸ್ಟೋರ್’ ಎಂದು ಬರೆದೆ. ಈಗ ನಮ್ಮಲ್ಲಿ ಎಲ್ಲ ರಿಪೋರ್ಟಿನಲ್ಲೂ ಆ ಸಾಲು ಇದೆ.

ಊಟದ ಹೊತ್ತಿಗೆ ಮೇಸ್ತ್ರಿಗೆ ಫೋನ್ ಮಾಡಿದೆ.

“ಏನಾಯ್ತಮ್ಮ? ಮೇಜು ಉಳೀತಾ?” ಎಂದು ಅವರೇ ಮೊದಲು ಕೇಳಿದರು.

“ಉಳೀತು ಮೇಸ್ತ್ರಿ. ಇನ್ನೊಂದು ವಿಷಯ. ನಿಮ್ಮ ಪಿನ್ನಿನ ರಿಪೋರ್ಟ್ ಇವತ್ತು ಕಂಪ್ಯೂಟರಲ್ಲಿ ಹಾಕ್ದೆ.”

“ಏನಂತ ಬರ್ದೆ?”

“ಇನ್ನೂರೂ ಹಸಿರು ಬಂತು. ಟರ್ನರ್ ತಪ್ಪಿಲ್ಲ, ಅಳತೆ ಸರಿ ಇತ್ತು ಅಂತ ಬರ್ದೆ.”

ಅವರು ಫೋನನ್ನು ಕಿವಿಯಿಂದ ದೂರ ಹಿಡಿದು ಸೊಸೆಯನ್ನು ಕೂಗಿದ್ದು ನನಗೆ ಕೇಳಿಸಿತು: “ಕೇಳ್ದೇನಮ್ಮ? ಇನ್ನೂರೂ ಹಸಿರಂತೆ!”